ನಲವತ್ತು ದಾಟಿದ ಮೇಲೆ ಸರದಿ ಯಾರದು?

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು. ಗಂಡಸರದು ಲೆಕ್ಕಕ್ಕೇ ಸಿಗದಷ್ಟು. ಮಾಗಳ, ಹಡಗಲಿ, ಕೂಡ್ಲಿಗಿಯಂಥ ಊರುಗಳ ಮನೆಗಳಿಗೂ ಈ ಮಾತು ಹೊಸದಲ್ಲ. ಆದರೆ ಆಪರೇಷನ್ ಆಗದೆ ನಲವತ್ತು ದಾಟಿದ ಜೋಡಿಗಳ ಗತಿ? ‘ಈ ವಯಸ್ಸಿಗೆ ಇನ್ನೇನು ಬಸಿರು’ ಎಂಬ ಧೈರ್ಯಕ್ಕೆ ಆಧಾರವಿಲ್ಲ. ಮುಟ್ಟು ಏರುಪೇರಾದರೂ ಅಂಡ ಬಿಡುಗಡೆ ಪೂರ್ತಿ ನಿಂತಿರುವುದಿಲ್ಲ. ಐವತ್ತರೊಳಗೆ ಮುಟ್ಟು ನಿಂತರೆ ಎರಡು ವರ್ಷ, ಆಮೇಲೆ ನಿಂತರೆ ಒಂದು ವರ್ಷ ಎಚ್ಚರ ಬೇಕೆನ್ನುತ್ತಾರೆ ವೈದ್ಯರು.

ಬಿಪಿ ಇರುವವರಿಗೆ, ಮೂವತ್ತೈದು ದಾಟಿ ಬೀಡಿ-ಸಿಗರೇಟು ಸೇದುವವರಿಗೆ ಈಸ್ಟ್ರೋಜೆನ್ ಬೆರೆತ ಗರ್ಭನಿರೋಧಕ ಗುಳಿಗೆ ಸಲ್ಲದು. ರಕ್ತ ಹೆಪ್ಪುಗಟ್ಟುವ, ಪಾರ್ಶ್ವವಾಯು ಬಡಿಯುವ ಅಪಾಯ ಹೆಚ್ಚು. ಹತ್ತು ವರ್ಷ ಬಾಳುವ ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ, ಆದರೆ ಮೊದಲೇ ಸ್ರಾವ ಹೆಚ್ಚಿದ್ದವರಿಗೆ ಅದು ಇನ್ನಷ್ಟು ಹೆಚ್ಚೀತು. ಹಾಗಿದ್ದಾಗ ಗಂಡನ ವ್ಯಾಸೆಕ್ಟಮಿಯೇ ನ್ಯಾಯವಾದ ದಾರಿ: ಹೊಟ್ಟೆ ಕೊಯ್ಯಬೇಕಿಲ್ಲ, ಅರಿವಳಿಕೆ ಕೊಟ್ಟು ಕೆಲವೇ ನಿಮಿಷಗಳ ಕೆಲಸ. ಶಕ್ತಿ ಕುಂದಿ ಹೊಲ ಉಳಲಾಗದೆಂಬ ಆಕ್ಷೇಪ ಸುಳ್ಳು. ವೀರ್ಯನಾಳವನ್ನಷ್ಟೇ ಕಟ್ಟುತ್ತಾರೆ, ಗಂಡುಹಾರ್ಮೋನು ಎಂದಿನಂತೆ ರಕ್ತಕ್ಕೆ ಸೇರುತ್ತದೆ. ಆದರೆ ಆಪರೇಷನ್ ಆದ ಮೇಲೆ ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಯೇ ನಿಶ್ಚಿಂತರಾಗಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಗಂಡಸರೂ ಎದ್ದುಹೋಗದೆ ಕೂತು ಕೇಳಲಿ.