ಕಾಫಿ ಮನೆಯ ಹೆಣ್ಣು, ಅಡಿಕೆ ಮನೆಯ ಗಂಡು

ಗೊಬ್ಬರ, ಔಷಧಿ, ಧಾರಣೆಗಳನ್ನು ಬದಿಗಿಟ್ಟು ಈ ಬಾರಿ ಮದುವೆ ಚಪ್ಪರದ ವಿಚಾರ ಬರೆಯುತ್ತಿದ್ದೇವೆ. ಸಂಘದ ಪತ್ರಿಕೆಗೂ ಚಪ್ಪರಕ್ಕೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ಗೊಬ್ಬರಕ್ಕೆಂದು ಎತ್ತಿದ ಸಾಲ ಮಂಟಪದ ಹೂವಿನಲ್ಲಿ ಬಾಡಿಹೋಗುವುದನ್ನು ಲೆಕ್ಕದ ಪುಸ್ತಕದಲ್ಲಿ ಕಾಣುವ ನಮಗೆ ಆ ಸಂಬಂಧ ಚೆನ್ನಾಗಿಯೇ ಗೊತ್ತು.

ಕಳೆದ ಏಪ್ರಿಲ್‌ನಲ್ಲಿ ನಮ್ಮ ಮಗಳ ಮದುವೆಯಾಯಿತು. ನಮ್ಮದು ಕೊಪ್ಪದ ಕಡೆಯ ಕಾಫಿ ತೋಟ, ಬೀಗರದು ಸಾಗರದ ಕಡೆಯ ಅಡಿಕೆ ತೋಟ. "ಅಪ್ಪಾ, ಚಪ್ಪರದ ಬಲಗಡೆ ಕಾಫಿ, ಎಡಗಡೆ ಅಡಿಕೆ, ನಡುವೆ ನಾವಿಬ್ಬರು" ಎಂದಳು ಮಗಳು. ಹುಡುಗಾಟವೆಂದು ನಕ್ಕೆವು. ಪೇಟೆಯ ಅಲಂಕಾರದವರನ್ನು ಕರೆಸಿದಾಗ ನಗು ಇಳಿಯಿತು. ಒಂದು ಲಕ್ಷದ ಮೇಲೆ ಹಣ, ಜೊತೆಗೆ ತೋಟದಿಂದ 200 ಸಿಂಗಾರ ಕೇಳಿದರು. ಒಂದು ಸಿಂಗಾರ ಕೊಯ್ದರೆ ಮುಂದಿನ ಕೊಯ್ಲಿನ ಒಂದು ಗೊನೆ ಹೋದಂತೆ. "ಕೊಡೋಣ ಬಿಡಿ" ಎಂದರು ಬೀಗರು. ಆದರೆ ಅವರ ಮುಖದಲ್ಲಿ 200 ಗೊನೆಯ ಲೆಕ್ಕ ಓಡುತ್ತಿದ್ದುದು ತಿಳಿಯಿತು, ನಾವೂ ಬೆಳೆಗಾರರಲ್ಲವೇ! ಎರಡು ಮನೆಯವರೂ ಕೂತು ತೀರ್ಮಾನಿಸಿದೆವು: ಶಾಸ್ತ್ರಕ್ಕೆ 5 ಸಿಂಗಾರ, ಉಳಿದುದಕ್ಕೆಲ್ಲ ತೋಟದಲ್ಲಿ ಬಿದ್ದದ್ದು, ಇಲ್ಲವೇ ಹೇಗೂ ಕಡಿಯಬೇಕಾದದ್ದು ಮಾತ್ರ.

ಕಾಫಿಯದು ಬೇರೆ ಕಷ್ಟ. ಹೂಮಳೆ ಬಿದ್ದ 8-10 ದಿನಕ್ಕೆ ಅರಳಿ, ಎರಡು ಮೂರು ದಿನದಲ್ಲಿ ಕಂದಿಹೋಗುವ ಹೂವು ಯಾರ ಲಗ್ನವನ್ನೂ ಕಾಯುವುದಿಲ್ಲ. ಕೈಯಲ್ಲೇ ಮಾಡಬೇಕಾಯಿತು. ಬಾಸಿಂಗ ಮಾಡುವ ಗುಡಿಗಾರರಿಂದ ಬೆಂಡು ತರಿಸಿ, ಕೊಯ್ಲು ಮುಗಿದ ಮೇಲೆ ದಿನವೂ ಸಂಜೆ ಮನೆಮಂದಿಯೆಲ್ಲ ಐದೈದು ಎಸಳಿನ ಹೂವು ಕತ್ತರಿಸಿದೆವು. ಗಿಡ ಕಸಿ ಮಾಡಿದಾಗ ಬಿದ್ದ ರೆಕ್ಕೆಗಳಿಗೆ ಮಕ್ಕಳು ಅವನ್ನು ಅಂಟಿಸಿದರು, ಅದೂ ತುದಿಯಲ್ಲಿ! ಮೇಸ್ತ್ರಿ ನೋಡಿ, "ಕಾಫಿ ಹೂ ತುದಿಯಲ್ಲಿ ಬಿಡ್ತದಾ ಅಯ್ಯಾ?" ಎಂದು ಬಿದ್ದುಬಿದ್ದು ನಕ್ಕ. ಎಲ್ಲವನ್ನೂ ಕಿತ್ತು ಗೆಣ್ಣುಗೆಣ್ಣಿಗೆ ಗೊಂಚಲಾಗಿ ಕೂರಿಸಿದ ಮೇಲೆಯೇ ಅದು ಕಾಫಿಯಾಯಿತು. ವಧೂವರರ ಹೆಸರನ್ನು ವಿಂಗಡಣೆಯಲ್ಲಿ ತೆಗೆದ ಕಪ್ಪು ಬೀಜಗಳಿಂದ ಹಲಗೆಯ ಮೇಲೆ ಬರೆದೆವು. ಥರ್ಮೋಕೋಲಿನ ಅಕ್ಷರ ಬೇಡವಾಯಿತು. ಅಲಂಕಾರಕ್ಕೆ ಅದರ ಬಳಕೆ 2022ರ ಜುಲೈ 1ರಿಂದ ನಿಷೇಧವೂ ಆಗಿದೆ.

ಅಡಿಕೆ ಮರ ವರ್ಷಕ್ಕೆ 5-6 ಹಾಳೆಯನ್ನು ತಾನಾಗಿ ಉದುರಿಸುತ್ತದೆ. ಅವುಗಳಿಂದ ತಾವರೆ ಮಾಡಹೋಗಿ ಕೆಟ್ಟೆವು. ನೆನೆಸಿದ ಹಾಳೆಯನ್ನು ಹಸಿಯಾಗಿಯೇ ಕತ್ತರಿಸಿ ಬಿಸಿಲಿಗಿಟ್ಟರೆ, ಮಧ್ಯಾಹ್ನದ ಹೊತ್ತಿಗೆ ಅರವತ್ತು ತಾವರೆಗಳೂ ಕರಿದ ಹಪ್ಪಳದಂತೆ ಮುರುಟಿದ್ದವು. ತಪ್ಪು ನಮ್ಮದೇ, ಅವಸರ ಮಾಡಬೇಡಿರೆಂದು ಮನೆಯವರು ಮೊದಲೇ ಹೇಳಿದ್ದರು. ನೆನೆದ ಹಾಳೆಯನ್ನು ಎರಡು ಹಲಗೆಗಳ ನಡುವೆ ಕಲ್ಲು ಹೇರಿಟ್ಟು, ಪೂರ್ತಿ ಒಣಗಿದ ಮೇಲೆ ಕತ್ತರಿಸಬೇಕು. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಹಾಳೆ ಯಾವುದಕ್ಕೂ ಬಾರದು. ಚಪ್ಪರಕ್ಕೆ ಗಾಳಿಗೆ ಬಿದ್ದ ಅಡಿಕೆ ಮರದ ಕಂಬ, ದಬ್ಬೆ, ಮೇಲೆ ಸೋಗೆ. ಹಣ್ಣು ಕೊಯ್ಯುವ ಹಳೆಯ ಬುಟ್ಟಿಗಳನ್ನು ಮಗುಚಿ ತೂಗುಹಾಕಿ ಒಳಗೆ ಎಲ್‌ಇಡಿ ದೀಪವಿಟ್ಟೆವು. ಸೋಗೆಯ ಕೆಳಗೆ ಬಿಸಿಯಾಗುವ ಬಲ್ಬು ಖಂಡಿತ ಬೇಡ.

ಎಲ್ಲರೂ ನಿಂತು ನೋಡಿದ್ದು ಹಸೆಗೋಡೆಯನ್ನು. ಅದು ಬೀಗರ ಊರಿನ ಕೊಡುಗೆ. ಸಾಗರದ ಕಡೆಯಿಂದ ದೀವರ ಮನೆಯ ಹಿರಿಯಕ್ಕ ಒಬ್ಬರು ಬಂದು ಎರಡು ದಿನ ನಮ್ಮ ಜಗಲಿಯಲ್ಲಿ ಚಿತ್ತಾರ ಬರೆದರು. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿ ನಾರು. ಅಳತೆಪಟ್ಟಿಯಿಲ್ಲದೆ ಎಳೆದ ಗೆರೆ ಒಂದೂ ಸೊಟ್ಟಗಾಗಲಿಲ್ಲ. "ಇದರಲ್ಲಿ ಕಾಫಿ ಗಿಡವನ್ನೂ ಸೇರಿಸಿ ಅಕ್ಕಾ" ಎಂದೆವು. "ನಮ್ಮ ಚಿತ್ತಾರದಲ್ಲಿ ಅದಿಲ್ಲ" ಎಂದರು. ಅವರು ಹೇಳಿದ್ದೇ ಸರಿ. ಬಲಗಡೆಯ ನಮ್ಮ ಬೆಂಡಿನ ಕಾಫಿ ಅದರ ಮುಂದೆ ಸ್ವಲ್ಪ ಸಪ್ಪೆಯಾಗಿಯೇ ಕಂಡಿತು.

ಅಲಂಕಾರಕ್ಕೆ ನಮಗೆ ಬಿದ್ದ ಖರ್ಚು 18 ಸಾವಿರ. ಹೆಚ್ಚಿನ ಪಾಲು ಕೂಲಿಗೆ ಮತ್ತು ಅಕ್ಕನ ಗೌರವಧನಕ್ಕೆ. ಅದು ನಾವು ಚೌಕಾಸಿ ಮಾಡುವ ಜಾಗವಲ್ಲ. ಆದರೆ ಎಂಟು ಜನರ ಎರಡು ತಿಂಗಳ ಸಂಜೆಗಳು ಈ ಲೆಕ್ಕದಲ್ಲಿಲ್ಲ. ಮನೆಯಲ್ಲಿ ಅಷ್ಟು ಕೈಗಳಿಲ್ಲದವರು ಮಾವಿನ ತೋರಣ, ಬಾಳೆಕಂದಿಗೆ ನಿಲ್ಲಿಸುವುದು ಲೇಸು.

ಮಾರನೆಯ ದಿನವೇ ಸೋಗೆ ಕೊಟ್ಟಿಗೆಗೆ ಹೋಯಿತು. ಬೆಂಡಿನ ಹೂವುಗಳನ್ನು ಎರಡು ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದೇವೆ. ಮನೆಯಲ್ಲಿ ಮದುವೆಯಿರುವ ಸದಸ್ಯರು ಸಂಘದ ಕಚೇರಿಯಲ್ಲಿ ತಿಳಿಸಿದರೆ ಕೊಡುತ್ತೇವೆ. ಬಾಡಿಗೆಯಿಲ್ಲ, ಮಳೆಗೆ ನೆನೆಸದೆ ಹಿಂತಿರುಗಿಸಬೇಕು.