ಬಾಡಿಗೆ ಎಂದರೆ ಯಾವ ಬಾಡಿಗೆ?

ಮುಂಬೈಯ ಆಂಟಾಪ್ ಹಿಲ್‌ನ ಸಿಜಿಎಸ್ ಕಾಲೊನಿಯಲ್ಲಿರುವ ಕೇಂದ್ರ ಸರಕಾರಿ ನೌಕರರ ಸಂಬಳದ ಚೀಟಿಯಲ್ಲಿ, ಮನೆಗೆಂದು ಮುರಿದುಕೊಂಡ ಹಣದ ಮುಂದೆ ‘ರೆಂಟ್’ ಎಂದಿರುವುದಿಲ್ಲ, ‘ಲೈಸೆನ್ಸ್ ಫೀ’ ಎಂದಿರುತ್ತದೆ. ಕಾಲೊನಿಯಾಚೆಯ ಖಾಸಗಿ ಕಟ್ಟಡಗಳಲ್ಲಿ ಕರಾರುಪತ್ರದ ತಲೆಬರಹವೇ ‘ಲೀವ್ ಅಂಡ್ ಲೈಸೆನ್ಸ್’. ಬೆಂಗಳೂರಿನ ಗೇಟುಗಳಲ್ಲಿ ತೂಗುವ ‘ಲೀಸ್‌ಗೆ ಇದೆ’ ಇನ್ನೂ ಬೇರೆ. ಅದು ನಮ್ಮ ಹಳೆಯ ಭೋಗ್ಯ: ಲಕ್ಷಗಟ್ಟಲೆ ಇಡುಗಂಟು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಗಂಟು ವಾಪಸು ಪಡೆಯುವುದು. ಮುಂಬೈಯಲ್ಲಿ ಅದಕ್ಕೆ ‘ಹೆವಿ ಡೆಪಾಸಿಟ್’ ಎಂದು ಹೆಸರು. ಇಷ್ಟನ್ನೂ ನಾವು ‘ಬಾಡಿಗೆ ಮನೆ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಹರಟೆಗೆ ಅಷ್ಟು ಸಾಕು, ಸಹಿ ಹಾಕುವಾಗ ಸಾಲದು.

ಲೀಸ್ ಮತ್ತು ಲೈಸೆನ್ಸ್ ಎರಡಕ್ಕೂ ವ್ಯಾಖ್ಯೆ ಸಿಕ್ಕಿದ್ದು 1882ರಲ್ಲೇ, ಎರಡು ಬೇರೆ ಕಾಯ್ದೆಗಳಲ್ಲಿ. ಆಸ್ತಿ ವರ್ಗಾವಣೆ ಕಾಯ್ದೆಯ ಲೀಸ್‌ನಲ್ಲಿ ಜಾಗವನ್ನು ಅನುಭವಿಸುವ ಹಕ್ಕೇ ಕೈಬದಲಾಗುತ್ತದೆ. ಈಸ್‌ಮೆಂಟ್ ಕಾಯ್ದೆಯ ಲೈಸೆನ್ಸ್‌ನಲ್ಲಿ ಹಕ್ಕು ಮಾಲೀಕನಲ್ಲೇ ಉಳಿಯುತ್ತದೆ, ಇರಲು ಒಪ್ಪಿಗೆ ಮಾತ್ರ ಸಿಗುತ್ತದೆ. 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆದಾರರಿಗೆ ಭದ್ರವಾದ ರಕ್ಷಣೆ ಕೊಟ್ಟಾಗ ಮಾಲೀಕರು ಲೀಸ್ ಬಿಟ್ಟು ಲೈಸೆನ್ಸ್ ಹಿಡಿದರು. ಕೊನೆಗೆ ಶಾಸನವೇ ಮಧ್ಯೆ ಬಂದು, 1973ರ ಫೆಬ್ರುವರಿ 1ರಂದು ಲೈಸೆನ್ಸ್ ಮೇಲೆ ವಾಸವಿದ್ದವರನ್ನು ಬಾಡಿಗೆದಾರರೆಂದು ಪರಿಗಣಿಸಿತು. ಗೋಡೆ, ಬಾಗಿಲು, ಬೀಗ ಎಲ್ಲ ಹಾಗೇ ಇದ್ದವು. ಒಳಗಿದ್ದವರನ್ನು ಎಬ್ಬಿಸುವುದು ಮಾತ್ರ ಕಷ್ಟವಾಯಿತು.

ಇದೆಲ್ಲ ವಕೀಲರ ಕೂದಲು ಸೀಳುವ ಕೆಲಸ ಎನ್ನುವವರಿದ್ದಾರೆ. ಅವರ ಪರವಾಗಿ ಒಂದು ಗಟ್ಟಿ ಆಧಾರವೂ ಇದೆ: 1959ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪತ್ರದ ಹೆಸರಲ್ಲ, ತಿರುಳನ್ನು ನೋಡಬೇಕು ಎಂದಿತು. ಹೆಸರಿಗೆ ಬೆಲೆಯಿಲ್ಲವೆಂದಾದರೆ ಪದಗಳ ಗೊಡವೆ ಏಕೆ? ಮುಂಬೈಯ ವಾಸದ ಮನೆಗಳ ಮಟ್ಟಿಗೆ ಈ ವಾದ ಪೂರ್ತಿ ನಿಲ್ಲುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೇ ಕಲಮಿನಂತೆ, ಲಿಖಿತ ಲೈಸೆನ್ಸ್ ಕರಾರಿನಲ್ಲಿ ಹೇಳಿದ ಸಂಗತಿಗೆ ಆ ಕರಾರೇ ನಿರ್ಣಾಯಕ ಸಾಕ್ಷ್ಯ. ಅವಧಿ ಮುಗಿದ ಮೇಲೂ ಉಳಿದುಕೊಂಡರೆ ಲೈಸೆನ್ಸ್ ಶುಲ್ಕದ ಎರಡರಷ್ಟು ಪರಿಹಾರ ತೆರಬೇಕು. ಸರಕಾರಿ ಕ್ವಾರ್ಟರ್ಸಿನದು ಇನ್ನೂ ನೇರ: ಹಂಚಿಕೆ ರದ್ದಾದರೆ 1971ರ ಸಾರ್ವಜನಿಕ ಆವರಣಗಳ ಕಾಯ್ದೆಯಡಿ ಎಸ್ಟೇಟ್ ಅಧಿಕಾರಿಯ ನೋಟಿಸು ಬರುತ್ತದೆ. ನೋಂದಣಿ ತಪ್ಪಿಸಲು ಕರ್ನಾಟಕದಿಂದ ಬಂದವರು ನೆಚ್ಚಿಕೊಳ್ಳುವ ‘ಹನ್ನೊಂದು ತಿಂಗಳ’ ಕರಾರಿನ ಉಪಾಯವೂ ಮುಂಬೈಯಲ್ಲಿ ನಡೆಯದು. ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀಸ್ ಇರಲಿ, ಲೈಸೆನ್ಸ್ ಇರಲಿ, ನೋಂದಣಿ ಕಡ್ಡಾಯ, ಅದರ ಹೊಣೆ ಮಾಲೀಕನದು. ಆತ ಮಾಡಿಸದಿದ್ದರೆ, ಬೇರೆ ರುಜುವಾತು ಆಗುವವರೆಗೆ ಷರತ್ತುಗಳ ಬಗ್ಗೆ ಮನೆಯಲ್ಲಿರುವವನ ಮಾತೇ ನಡೆಯುತ್ತದೆ.