ಅಜ್ಜನ ಒಂದೇ ಮನೆಯ ಕಾಲಾಳು

ನಮ್ಮದು ಕಾಪು, ಅಜ್ಜನ ಮನೆ ಕಾರ್ಕಳ. ಬೇಸಿಗೆ ರಜೆಯಲ್ಲಿ ಜಗಲಿಯ ಮೇಲೆ ಕೂತು ನನಗೆ ಚೆಸ್ ಕಲಿಸಿದ್ದು ಅಜ್ಜ. ಅವರ ಆಟದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ಆರನೇ ಕ್ಲಾಸಿನಲ್ಲಿ ಉಡುಪಿಯಲ್ಲೊಂದು ಟೂರ್ನಮೆಂಟ್ ಆಡಿ ಬಂದವನೇ ಎಲ್ಲರೆದುರು, "ಅಜ್ಜ, ನಿಮ್ಮ ಆಟವೇ ತಪ್ಪು" ಅಂದೆ. "ಹೌದಾ ಮಗಾ?" ಎಂದು ನಕ್ಕರು. ಆಮೇಲೆ ನನ್ನ ಜೊತೆ ಆಡಲೇ ಇಲ್ಲ.

ಈಗ ನನಗೆ ಮಣಿಪಾಲದಲ್ಲಿ ಕೆಲಸ. ಬಸ್ಸಲ್ಲಿ ಹೋಗಿ ಬರುವಾಗ ಮೊಬೈಲಲ್ಲಿ ಚೆಸ್. ಎದುರಾಳಿ ರಾಜನ ಮುಂದಿನ ಕಾಲಾಳನ್ನು ಇ4ಕ್ಕೆ ನೂಕಿದರೆ ನಾನು ಪಿರ್ಟ್ಸ್ ಡಿಫೆನ್ಸ್ ಆಡ್ತೇನೆ. ಸ್ಲೊವೇನಿಯಾದ ವಾಸ್ಯಾ ಪಿರ್ಟ್ಸ್ ಹೆಸರಿನ ಆಟ ಇದು. ಕಾಲಾಳು ಡಿ6ಕ್ಕೆ, ಕುದುರೆ ಎಫ್6ಕ್ಕೆ, ಆಮೇಲೆ ಜಿ6. ಒಂಟೆ ಜಿ7ರ ಮೂಲೆಯಲ್ಲಿ ಕೂತು ಉದ್ದಕ್ಕೆ ನೋಡುತ್ತದೆ. ನಡುವಿನ ಮನೆಗಳನ್ನು ಬಿಳಿಗೆ ಬಿಟ್ಟುಕೊಟ್ಟು, ಸಮಯ ನೋಡಿ ಇ5 ಅಥವಾ ಸಿ5ರಿಂದ ಹೊಡೆಯಬೇಕು. ಮುಂದೆ ಬಂದ ಕಾಲಾಳು ಹಿಂದೆ ಹೋಗಲಾರದು, ಅದನ್ನು ಕಾಯುವುದೇ ಬಿಳಿಗೆ ಕೆಲಸ. ಆದರೆ ಸುಮ್ಮನೆ ಕಾದರೆ ಸೋಲು ಖಂಡಿತ. ಬಿಳಿ ಎಫ್4 ಕೂಡ ಆಡಿ ಮೇಲೇರಿ ಬಂದರೆ ಉಸಿರು ಕಟ್ಟುತ್ತದೆ. 1972ರ ವಿಶ್ವ ಚಾಂಪಿಯನ್‌ಶಿಪ್‌ನ 17ನೇ ಆಟದಲ್ಲಿ ಫಿಷರ್ ಇದನ್ನೇ ಆಡಿ, ಸ್ಪಾಸ್ಕಿ ಜೊತೆ ಡ್ರಾ ಮಾಡಿಕೊಂಡ.

ಯುರೋಪಿನಲ್ಲಿ ಇಂಥ ಯೋಚನೆಗೆ 'ಹೈಪರ್‌ಮಾಡರ್ನ್' ಎಂಬ ಹೆಸರು ಬಂದದ್ದು 1920ರ ದಶಕದಲ್ಲಿ. ಅದಕ್ಕೂ ಸುಮಾರು 70 ವರ್ಷ ಹಿಂದೆ ಕಲ್ಕತ್ತೆಯಲ್ಲಿ ಮಹೇಶ್‌ಚಂದ್ರ ಬ್ಯಾನರ್ಜಿ ಎಂಬವರು ಜಾನ್ ಕಾಕ್ರೇನ್ ಎದುರು ಹೀಗೇ ಒಂಟೆಯನ್ನು ಮೂಲೆಯಲ್ಲಿ ಕೂರಿಸಿ ಆಡುತ್ತಿದ್ದರು. ನಮ್ಮ ಹಳೆಯ ಆಟದಲ್ಲಿ ಕಾಲಾಳಿಗೆ ಎರಡು ಮನೆಯ ಜಿಗಿತ ಇರಲಿಲ್ಲವಲ್ಲ, ಒಂದೊಂದೇ ಮನೆ ಇಟ್ಟು ಒಂಟೆಗೆ ದಾರಿ ಮಾಡುವುದು ಅಭ್ಯಾಸ. 'ಇಂಡಿಯನ್ ಡಿಫೆನ್ಸ್' ಎಂಬ ಹೆಸರು ಬಂದದ್ದೂ ಇಂಥ ಆಟದಿಂದಲೇ.

ಇದನ್ನು ಓದಿದ ದಿನ ನನಗೆ ನೆನಪಾದದ್ದು ಕಾರ್ಕಳದ ಜಗಲಿ. ಅಜ್ಜನದ್ದು ತಪ್ಪಾಟ ಅಲ್ಲ, ಹಳೆಯ ಆಟ.

ಕಳೆದ ಭಾನುವಾರ ಹೋದೆ. ಅಟ್ಟದಿಂದ ಹಲಗೆ ಇಳಿಸಿ, "ಅಜ್ಜ, ನಿಮ್ಮ ರೂಲಲ್ಲೇ ಒಂದಾಟ ಆಡುವನಾ?" ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಕನ್ನಡಕ ಒರೆಸಿ, ಕಾಲಾಳನ್ನು ಒಂದೇ ಮನೆ ಮುಂದಿಟ್ಟರು.

"ನಿನಗೆ ಹೋಗ್ಲಿಕ್ಕೆ ಅವಸರ ಉಂಟಾ?"

"ಇಲ್ಲ ಅಜ್ಜ. ಇವತ್ತು ಇಲ್ಲೇ ಇರ್ತೇನೆ."